ಕಲ್ಲೋಳಿಯ ಕರಿ ಮನಿ

ಹುಕ್ಕೇರಿಯ ಈಶ್ವರ ತನ್ನ ಹೊಸ ಮನೆಯ ಮುಂಭಾಗಕ್ಕೆ ಏಳು ಬಣ್ಣ ಹಚ್ಚಿಸದಿದ್ದರೆ ನಾಗನೂರಿನ ಮಾಯಪ್ಪ ಊಟ ಬಿಟ್ಟು ಹಾಸಿಗೆ ಹಿಡಿಯುತ್ತಿರಲಿಲ್ಲ. ಈಶ್ವರನಿಗೆ ಮಾಯಪ್ಪ ಯಾರೆಂದು ಇಂದಿಗೂ ಗೊತ್ತಿಲ್ಲ. ಮಾಯಪ್ಪನಂತೂ ಹುಕ್ಕೇರಿಯ ದಿಕ್ಕಿಗೆ ಹೋದವನೇ ಅಲ್ಲ. ಇಬ್ಬರ ನಡುವೆ ಸಿಕ್ಕಿಬಿದ್ದವನು ಬಾಳೇಶ.

ಬಾಳೇಶ ಕಲ್ಲೋಳಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಇಪ್ಪತ್ತೆರಡು ವರ್ಷ ಎಮ್ಮೆಗಳ ದವಡೆ ಹಿಡಿದು ಔಷಧ ಕುಡಿಸಿದ ಮನುಷ್ಯ. ಎದುರಿಗೆ ಯಾರೇ ಬರಲಿ, ಅವರು ಬಾಯಿ ತೆರೆಯುವ ಮೊದಲೇ ಅವನು ಕೇಳುವ ಮಾತು ಒಂದೇ: "ಮೇವು ತಿಂತೈತೇನು?" ಒಮ್ಮೆ ಬೀಗರ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಹಿರಿಯರ ಬಗ್ಗೆಯೂ ಇದನ್ನೇ ಕೇಳಿದ್ದಕ್ಕೆ, ಹೆಂಡತಿ ಸುಜಾತಾ ಆರು ತಿಂಗಳು ಅವನನ್ನು ಯಾವ ಕಾರ್ಯಕ್ಕೂ ಕರೆದೊಯ್ಯದೆ ಬಿಟ್ಟಿದ್ದಳು.

ಸುಜಾತಾಳ ಅಣ್ಣನೇ ಈ ಈಶ್ವರ. ಅವನ ಮನೆಯ ವಾಸ್ತುಶಾಂತಿಗೆ ಗಂಡ ಹೆಂಡತಿ ಹೋದರು. ಮುಂಭಾಗದ ತುಂಬ ಹಳದಿ ಡಬ್ಬಿಯ ಮೇಲೆ ನೇರಳೆ ಡಬ್ಬಿ, ಅದರ ಬಾಜೂ ಗಿಳಿಹಸಿರು ಕಂಬ, ನಡುವೆ ನೀಲಿ ಗಾಜು. ಬಂದವರೆಲ್ಲ ಬೀದಿಯಲ್ಲಿ ನಿಂತು ಫೋಟೋ ತೆಗೆದುಕೊಂಡ ಮೇಲೆಯೇ ಒಳಗೆ ಹೋಗುತ್ತಿದ್ದರು. ಊಟದ ಪಂಕ್ತಿಯಲ್ಲಿ ಈಶ್ವರ ಎಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮ ಬಾಳೇಶಪ್ಪಗೋಳ ಮನಿ ಮಾರಿ ನೋಡೀರೇನು? ಮೊನ್ನಿ ಒಬ್ಬಂವ ದವಾಖಾನಿನಽ ಇದು ಅಂತ ತಿಳಕೊಂಡು ಬಾಗಲಕ್ಕ ಆಕಳಾ ಕಟ್ಟಿ ಹೋಗಿದ್ನಂತ."

ಮಾತು ಸುಳ್ಳಲ್ಲ. ಆಕಳು ಸಂಜೆಯವರೆಗೆ ಅಲ್ಲೇ ಇತ್ತು. ಸತ್ಯವಾಗಿದ್ದರಿಂದಲೇ ಬಾಳೇಶ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ.

ಮರುದಿನ ಗಂಡ ಹೆಂಡತಿ ಕಣಗಲಾದ ಬೀಗರೊಬ್ಬರನ್ನು ಮಾತನಾಡಿಸಲು ಹೋದರು. ಅಲ್ಲಿಂದ ಬರುವಾಗ ಹೆದ್ದಾರಿಯ ಬದಿಗೆ ಬಾಳೇಶ ಒಂದು ಮನೆಯನ್ನು ನೋಡಿದ. ತಲೆಯಿಂದ ಬುಡದವರೆಗೆ ಕಪ್ಪು. ಬೇರೆ ಬಣ್ಣದ ಒಂದು ಗೆರೆಯೂ ಇಲ್ಲ. ಬಸ್ಸು ಮುಂದೆ ಹೋದರೂ ಬಾಳೇಶನ ಕುತ್ತಿಗೆ ಹಿಂದೆಯೇ ಉಳಿಯಿತು.

"ಅದರ ಮುಂದ ನಿಮ್ಮಣ್ಣನ ಮನಿ ಅಂದ್ರ ಐಸಕ್ರೀಮ್ ಗಾಡಿ" ಎಂದ.

"ಅದರಾಗ ಮಂದಿ ಅದಾರೋ ಇಲ್ಲೋ ನೋಡಿದ್ರಿ?" ಎಂದಳು ಸುಜಾತಾ. ಅವನು ಅದನ್ನು ನೋಡಿರಲಿಲ್ಲ.

ಮೂಡಲಗಿಯ ಬಾಬಾಲಾಲ ಮೊದಲು ಸುಣ್ಣ ಬಳಿಯುತ್ತಿದ್ದವನು, ಈಗ ಮನೆಗಳ ಮುಂಭಾಗ ಸಿಂಗರಿಸುವ ಎಲಿವೇಶನ್ ಕಂಟ್ರಾಕ್ಟರ್. ಬಾಳೇಶ ಹೇಳಿದಂತೆ ಕಪ್ಪು ಶೀಟುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದವನು ಅವನ ಮನೆಯ ಮುಂದೆ ನಿಂತು ತಲೆ ಕೆರೆದುಕೊಂಡ.

"ಸಾಹೇಬ್ರ, ನಡಕ ಒಂದು ಕೇಸರಿ ಪಟ್ಟಿ ಹಾಕೂಣ್ರಿ. ಇಲ್ಲಾ ಕಟಗಿ ಬಣ್ಣದ್ದರೆ ಇರಲಿ. ಪೂರಾ ಕರಿ ಯಾರೂ ಹಾಕ್ಸೂದಿಲ್ರಿ."

"ಯಾರೂ ಹಾಕ್ಸೂದಿಲ್ಲ ಅಂತಽ ನಾ ಹಾಕ್ಸಾಕತ್ತೇನಿ."

"ಕಿಡಕಿ ಗಾಜಿಗೂ ಕರಿನಽ ಏನ್ರಿ?"

"ಗಾಜಿಗೂ."

ಬಾಬಾಲಾಲ ಮನಸ್ಸಿನಲ್ಲೇ ಏನೋ ಹೇಳಿಕೊಂಡು ಡ್ರಿಲ್ ಮಷೀನು ಎತ್ತಿದ. ಎಂಟು ದಿನಕ್ಕೆ ಕೆಲಸ ಮುಗಿಯಿತು. ಆ ಹೊತ್ತಿಗೆ ಬಾಳೇಶನ ತಾಯಿ ಕಾಶೆವ್ವ ಗೋಕಾಕದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ತಂಗಿಯ ಮನೆಯಲ್ಲಿ ಸುಧಾರಿಸಿಕೊಂಡು ವಾಪಸು ಬಂದಳು. ಹೊಸ ಕಣ್ಣು. ಓಣಿಯಲ್ಲಿ ಎರಡು ಸಲ ಮೇಲೆ ಕೆಳಗೆ ನಡೆದಳು. ತನ್ನ ಮನೆ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಸುಣ್ಣದ ಮನೆಗಳ ಸಾಲಿನ ನಡುವೆ, ಬಿಸಿಲಿನಲ್ಲಿ, ಒಂದು ಹಲ್ಲು ಕಿತ್ತ ಹಾಗೆ ಕತ್ತಲೆ ನಿಂತಿತ್ತು. ಆ ಕತ್ತಲೆಯೊಳಗಿಂದ ಮಗ ಹಲ್ಲು ಕಿರಿಯುತ್ತ ಹೊರಗೆ ಬಂದಾಗ ಕಾಶೆವ್ವ ಕೈಯಲ್ಲಿದ್ದ ಗಂಟನ್ನು ಅಲ್ಲೇ ಬಿಟ್ಟಳು.

"ಯಾರ ಹೋದ್ರೋ ಬಾಳ್ಯಾ?"

"ಯಾರೂ ಹೋಗಿಲ್ಲಬೇ. ಇದು ಈಗಿನ ಫ್ಯಾಶನ್."

"ಹಂಗಾರ ಇನ್ನ ಯಾರರೆ ಹೋಗಾವ್ರ ಅದಾರೇನು?"

ಕಪ್ಪು ಬಣ್ಣಕ್ಕೆ ತನ್ನದೇ ಒಂದು ಗುಣವಿದೆ. ಅದು ಬಿಸಿಲನ್ನು ಕುಡಿದು ಇಟ್ಟುಕೊಳ್ಳುತ್ತದೆ. ಮಾರ್ಚ್ ತಿಂಗಳ ಬಿಸಿಲು ಏರಿದ ಹಾಗೆ ಆ ಶೀಟುಗಳು ಕಾದು ಹಿಗ್ಗುತ್ತಿದ್ದವು. ಹಿಗ್ಗುವಾಗ ಸದ್ದು ಮಾಡುತ್ತಿದ್ದವು. ಸರಿಯಾಗಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಓಣಿ ಮೌನವಾಗಿದ್ದಾಗ, ಮನೆಯ ಎದೆಯ ಭಾಗದಿಂದ 'ಟಕ್' ಎನ್ನುತ್ತಿತ್ತು. ಸ್ವಲ್ಪ ತಡೆದು ಮತ್ತೆ 'ಟಕ್, ಟಕ್'. ಒಳಗೆ ಯಾರೋ ಕೂತು ಬೆರಳಿನ ಗೆಣ್ಣಿನಿಂದ ಬಡಿಯುವ ಹಾಗೆ. ಬಾಬಾಲಾಲನಿಗೆ ಫೋನ್ ಮಾಡಿ ಕೇಳಿದರೆ, "ಹತ್ತು ಮನಿ ಮಾಡೇನ್ರಿ, ಎಲ್ಲಾವೂ ಒಂದೀಟು ಅಂತಾವು. ಆದ್ರ ಹೊತ್ತ ನೋಡಿ ಅನ್ನೂದು ನಿಮ್ದೊಂದಽ" ಎಂದ.

ಕಟ್ಟೆಯ ಮೇಲೆ ಮಲಗುತ್ತಿದ್ದ ಓಣಿಯ ನಾಯಿಗಳು ಎದುರು ಸಾಲಿಗೆ ಹೋಗಿ, ಇತ್ತ ಮುಖ ಮಾಡಿ ಮಲಗತೊಡಗಿದವು. ಮನೆ ನಂಬರು ಬರೆಯಲು ಬಂದ ಪಂಚಾಯ್ತಿಯ ಕಾರಕೂನ ಓಣಿಯ ನಡುವೆಯೇ ನಿಂತ.

"ಒಳಗ ಬರ್ರೆಲಾ, ಚಾ ಕುಡದು ಹೋಗ್ರಿ" ಎಂದ ಬಾಳೇಶ.

"ಬ್ಯಾಡ್ರಿ. ನಂಬರ್ ನೀವಽ ಬರಕೊಳ್ರಿ." ಅವನು ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ನೆಲದ ಮೇಲಿಟ್ಟು, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆಯುತ್ತ ಹೋದ. ಸರ್ಕಾರದ ಸಾಮಾನನ್ನು ಬಿಟ್ಟುಹೋದ ಕಾರಕೂನನನ್ನು ಕಲ್ಲೋಳಿ ಅದೇ ಮೊದಲು ನೋಡಿದ್ದು.

ಸುದ್ದಿ ಕೇಳಿ ಈಶ್ವರನೂ ಹುಕ್ಕೇರಿಯಿಂದ ಕಾರಿನಲ್ಲಿ ಬಂದ. ಕಾರಿನ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟ, ಇನ್ನೊಂದನ್ನು ಇಡಲಿಲ್ಲ. ತಂಗಿ ತಂದ ಚಹಾವನ್ನು ಹಾಗೆಯೇ ಕೂತು ಕುಡಿದು, "ಚಲೋ ಆಗೇತಿ" ಎಂದು ಸಣ್ಣ ದನಿಯಲ್ಲಿ ಹೇಳಿ, ಓಣಿಯ ಕೊನೆಯವರೆಗೂ ರಿವರ್ಸ್‌ನಲ್ಲೇ ಹೋದ.

"ಹೊಟ್ಟಿ ಉರೀತು ನೋಡು ನಿಮ್ಮಣ್ಣಂದು" ಎಂದು ಬಾಳೇಶ ಮೀಸೆ ತಿರುವಿದ. ಸುಜಾತಾ ಖಾಲಿ ಕಪ್ಪನ್ನು ನೋಡುತ್ತ ನಿಂತಿದ್ದಳು. ಅರ್ಧ ಚಹಾವನ್ನು ಅಣ್ಣ ಗಡಿಬಿಡಿಯಲ್ಲಿ ಅವಳ ಸೀರೆಯ ಮೇಲೆಯೇ ಚೆಲ್ಲಿದ್ದ.

ಎಡಗಡೆ ಮನೆಯ ಶೆಟ್ಟೆವ್ವನ ಕಿವಿಯ ಬುಗುಡಿ ಕಳೆದದ್ದು ಇದೇ ದಿನಗಳಲ್ಲಿ. ಆಕೆ ಬಂದು ಹೊಸ್ತಿಲ ಹೊರಗೆ ಕೈ ಮುಗಿದು ನಿಂತಳು. ಇಪ್ಪತ್ತು ವರ್ಷ ಹೆಸರು ಹಿಡಿದು ಕರೆದವಳು ಈಗ ಮಠದ ಸ್ವಾಮಿಗಳಿಗೆ ಅನ್ನುವಂತೆ "ಅಪ್ಪಾರ" ಎಂದಳು.

"ನನ್ನ ಬುಗುಡಿ ಎಲ್ಲಿ ಐತಿ ಅಪ್ಪಾರ?"

"ನನಗೇನ ಗೊತ್ತಬೇ? ರೊಟ್ಟಿ ಬಡಿಯೂ ಮುಂದ ತಗದಿಟ್ಟಿರಬೇಕು. ಹಿಟ್ಟಿನ ಡಬ್ಬಿ ನೋಡು ಹೋಗು."

ಬುಗುಡಿ ಹಿಟ್ಟಿನ ಡಬ್ಬಿಯಲ್ಲಿತ್ತು. ಮರುದಿನದಿಂದ ಕರಿ ಮನೆಯ ಮುಂದೆ ನಿಂಬೆಹಣ್ಣು ಹಿಡಿದವರು ಕಾಣಿಸತೊಡಗಿದರು. "ನಾ ಏನೂ ಮಾಡೂದಿಲ್ರಿ, ಇದು ಬರೇ ಶೀಟು" ಎಂದು ಬಾಳೇಶ ಕೂಗಿ ಹೇಳಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. "ಮಾಡಾವ್ರು ಹಿಂಗಽ ಅಂತಾರ" ಎಂದು ಒಬ್ಬ ಮುದುಕ ಉಳಿದವರಿಗೆ ತಿಳಿಸಿ ಹೇಳಿದ. ಇಲ್ಲ ಎಂದಷ್ಟೂ ನಿಂಬೆಹಣ್ಣು ಹೆಚ್ಚಾದವು. ಕಾಶೆವ್ವ ಮಾತ್ರ ಅವನ್ನೆಲ್ಲ ಒಳಗೆ ಒಯ್ದು ಉಪ್ಪಿನಕಾಯಿ ಹಾಕಿದಳು.

ಒಂದು ಮಧ್ಯಾಹ್ನ ಬಾಳೇಶ ದವಾಖಾನೆಯಿಂದ ಬಂದು ರೊಟ್ಟಿ ಮುರಿಯುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಅಪರಿಚಿತ ನಿಂತ. ನಾಗನೂರಿನ ರಾಯಪ್ಪ ಎಂದು ಹೆಸರು ಹೇಳಿದ. ಕಣ್ಣು ಕೆಂಪಾಗಿದ್ದವು. ದಣಿದಿದ್ದ ಬಾಳೇಶ ತಲೆ ಎತ್ತಲಿಲ್ಲ.

"ಒಬ್ಬಂವ ಅದಾನ್ರಿ ನಮ್ಮಲ್ಲಿ" ಎಂದ ರಾಯಪ್ಪ. "ಭಾಳ ಸೊಕ್ಕಿಗೆ ಬಂದಾನ."

ರೈತರು ಎತ್ತನ್ನು, ಹೋರಿಯನ್ನು 'ಅಂವ' ಎನ್ನುವುದು ಬಾಳೇಶನಿಗೆ ಹೊಸದಲ್ಲ. "ಮೇವು ತಿಂತಾನೇನು?" ಎಂದ ಎಂದಿನಂತೆ.

"ತಿಂದು ತಿಂದಽ ಸೊಕ್ಕಿದ್ದ್ರಿ. ನೀರಿನ ಹತ್ತರ ಹೋದ್ರ ತಾನಽ ಮುಂದ ನಿಲ್ತಾನ. ನಮ್ಮನ್ನ ಬಿಟ್ಟಕೊಳ್ಳೂದಿಲ್ಲ. ನಿನ್ನಿ ಎದಿಗೆ ಹಾಯಾಕ ಬಂದ."

"ಕಟ್ಟಿ ಹಾಕಬೇಕಿಲ್ಲೋ?"

"ಅಂವನ್ನ ಕಟ್ಟಾವ್ರು ಯಾರದಾರ್ರಿ?"

ಬಾಳೇಶ ಪುಂಡಿಪಲ್ಯ ಬಾಯಿಗಿಟ್ಟುಕೊಂಡು ತನ್ನ ಇಪ್ಪತ್ತೆರಡು ವರ್ಷಗಳ ಅನುಭವವನ್ನೆಲ್ಲ ಒಂದು ಮಾತಿನಲ್ಲಿ ಹೇಳಿದ: "ಮೇವು ಬಿಡಸ್ಬೇಕು. ಎರಡು ದಿನ ಹೊಟ್ಟಿಗೆ ಇಲ್ಲಂದ್ರ ತಾನಽ ತಣ್ಣಗ ಆಗ್ತಾನ. ಹೋಗ್ರಿ, ಆಗ್ತೈತಿ."

ಅದೇ ಗಳಿಗೆಗೆ ಗೋಡೆ 'ಟಕ್' ಎಂದಿತು. ರಾಯಪ್ಪ ಬೆಚ್ಚಿ, ಹೊಸ್ತಿಲಿಗೆ ಹಣೆ ಹಚ್ಚಿ, ಅಲ್ಲಿಯ ಒಂದು ಚಿಟಿಕೆ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದ. ಈಚೆಗೆ ರೈತರಿಗೆ ದನಗಳ ಮೇಲೆ ಭಕ್ತಿ ಬಹಳವಾಗಿದೆ ಎಂದುಕೊಂಡು ಬಾಳೇಶ ಇನ್ನೊಂದು ರೊಟ್ಟಿ ಕೇಳಿದ.

ಹನ್ನೊಂದು ದಿನಗಳಾದ ಮೇಲೆ ರಾಯಪ್ಪ ಮತ್ತೆ ಬಂದ. ಈ ಸಲ ಅವನ ಮುಖವನ್ನು ಬಾಳೇಶ ನೋಡಿದ. ಯಾರೋ ಒಳಗಿನಿಂದ ಹೀರಿದಂತಿತ್ತು.

"ಸಾಕ್ರಿ" ಎಂದ ರಾಯಪ್ಪ. "ತಗೀರಿ ಅದನ್ನ."

"ಏನು ತಗೀಲಿ?"

"ಎರಡು ದಿನ ಅಂದಿದ್ರಿ. ಒಂಬತ್ತು ದಿನ ಆತ್ರಿ, ಅಂವ ಬಾಯಾಗ ಏನೂ ಹಾಕಿಲ್ಲ. ನೀರೂ ಗುಟಕಽ. ತಣ್ಣಗ ಆಗಾಕತ್ತಾನ್ರಿ. ಕೈ ಮುಟ್ಟಿ ನೋಡೇನಿ."

"ಒಂಬತ್ತು ದಿನಾ? ಹೋರಿಗೆ ಹಂಗ ಮಾಡಬಾರದಪಾ! ಡಾಕ್ಟರ್ನ ಕರೀಬೇಕಿಲ್ಲೋ?"

"ಹೋರಿ ಯಾವುದ್ರಿ?" ರಾಯಪ್ಪ ಅವನನ್ನೇ ನೋಡಿದ. "ಮಾಯಪ್ಪರಿ. ನನ್ನ ತಮ್ಮ."

ಸುಜಾತಾ ಒಲೆ ಆರಿಸಿ ಅಡುಗೆಮನೆಯ ಬಾಗಿಲಿಗೆ ಬಂದಳು. ಬಾಳೇಶನ ಮುಖವನ್ನು ಆ ಹೊತ್ತಿನಲ್ಲಿ ನೋಡಿದವರು ಶೀಟಿನ ಬಣ್ಣವನ್ನೂ ಅದನ್ನೂ ಬೇರೆ ಮಾಡಲಾರದೆ ಹೋಗುತ್ತಿದ್ದರು.

ವಿಷಯ ಸಣ್ಣದು. ಅಣ್ಣ ತಮ್ಮಂದಿರಿಗೆ ನೀರಿಗೆ ಒಂದೇ ಬೋರು. ಹೊಲಕ್ಕೆ ಕರೆಂಟು ಬರುವುದು ದಿನಕ್ಕೆ ಕೆಲವೇ ತಾಸು. ಬಂದ ಕೂಡಲೇ ಮಾಯಪ್ಪ ಹೋಗಿ ಮೋಟಾರಿನ ಮುಂದೆ ನಿಲ್ಲುತ್ತಿದ್ದ. ಜಗಳವಾಗಿ ಎದೆಗೆ ಎದೆ ಹಚ್ಚಿದ್ದರು. ಸಿಟ್ಟಿನಲ್ಲಿ ರಾಯಪ್ಪ ಕರಿ ಮನೆಗೆ ಬಂದು, ಮಣ್ಣು ಒಯ್ದು ತಮ್ಮನ ಬಾಗಿಲಲ್ಲಿ ಚೆಲ್ಲಿದ್ದ. ಚೆಲ್ಲುವಾಗ ನೆರೆಯವರು ನೋಡಿದರು. ಎಲ್ಲಿಯ ಮಣ್ಣು ಎಂಬುದು ಅದೇ ಸಂಜೆ ಊರಿಗೆ ಗೊತ್ತಾಯಿತು. ಮಾಯಪ್ಪ ಎರಡು ದಿನ ನಕ್ಕು, ಮೂರನೆಯ ದಿನ ತಟ್ಟೆ ದೂಡಿದ. ಗೋಕಾಕದ ಡಾಕ್ಟರು ರೋಗವೇನೂ ಇಲ್ಲ ಎಂದು ಸಲಾಯಿನ್ ಹಚ್ಚಿದರೆ, ಅದನ್ನೂ ಕಿತ್ತುಕೊಂಡು ಮನೆಗೆ ಬಂದು ಮಲಗಿದ್ದ.

"ನಡೀರಿ" ಎಂದಳು ಸುಜಾತಾ, ಸೆರಗು ಸಿಕ್ಕಿಸಿಕೊಳ್ಳುತ್ತ. "ಈಗಽ ನಡೀರಿ."

"ಹೋಗಿ ಏನಂತ ಹೇಳ್ಲಿ?"

"ಖರೇ ಹೇಳ್ರಿ. ಹೋರಿ ಅಂತ ತಿಳಕೊಂಡಿದ್ನಿ ಅಂತ ಹೇಳ್ರಿ."

ರಾಯಪ್ಪನ ಬೈಕು ಮುಂದೆ, ಸುಜಾತಾಳನ್ನು ಕೂರಿಸಿಕೊಂಡ ಬಾಳೇಶನ ಸ್ಕೂಟರು ಹಿಂದೆ. ನಾಗನೂರು ತಲುಪಿದಾಗ ಹೊತ್ತು ನೆತ್ತಿಯ ಮೇಲಿತ್ತು. ಬಾಳೇಶ ಓಣಿಯಲ್ಲಿ ಇಳಿದ ಕೂಡಲೇ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒಬ್ಬ ಹೆಂಗಸು ಒಣಹಾಕಿದ ಹಪ್ಪಳವನ್ನು ಬಿಟ್ಟು ಒಳಗೆ ಓಡಿದಳು. ಜೀವನದಲ್ಲಿ ಮೊದಲ ಸಲ ಜನ ತನಗೆ ದಾರಿ ಬಿಡುತ್ತಿದ್ದುದನ್ನು ನೋಡಿ ಅವನಿಗೆ ಅಳು ಬಂತು.

ಮಾಯಪ್ಪ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ದೊಡ್ಡ ಆಳು. ಈಗ ಚಾದರದ ಕೆಳಗೆ ಹೆಚ್ಚೇನೂ ಇರಲಿಲ್ಲ. ಬಾಳೇಶ ಅವನ ತಲೆದಿಂಬಿನ ಹತ್ತಿರ ಕೂತು ಖರೇ ಹೇಳಿದ. ಮೊದಲಿನಿಂದ ಹೇಳಿದ. ಈಶ್ವರನ ಏಳು ಬಣ್ಣ, ಬಾಬಾಲಾಲನ ಶೀಟು, ಬುಗುಡಿ, ಹೋರಿ. "ನಾ ದನದ ಕಂಪೌಂಡರಪಾ. ನನಗ ಮಂತ್ರಾ ಹೋಗ್ಲಿ, ಭಜನಿ ಪದಾ ಸೈತ ಬರೂದಿಲ್ಲ."

ಮಾಯಪ್ಪ ಮೆಲ್ಲಗೆ ಹೊರಳಿದ. ಬಾಳೇಶನ ಮುಖ ನೋಡಿದವನ ಕಣ್ಣು ಅಗಲವಾದವು.

"ನೀವಽ" ಎಂದ.

"ಏನು ನಾನಽ?"

"ದಿನಾ ಮಧ್ಯಾಹ್ನ ಬಂದು ಆ ಬಾಗಲದಾಗ ನಿಲ್ಲಾವ್ರು. ಒಳಗ ಬರೂದಿಲ್ಲ. ಒಂದಽ ಮಾತು ಕೇಳ್ತೀರಿ, ಹೋಗ್ತೀರಿ."

ಬಾಳೇಶ ಮುಂದೆ ಬಾಗಿದ. "ಏನ ಕೇಳ್ತೇನಿ?"

"ಮೇವು ತಿಂತೈತೇನು, ಅಂತ."

ಬಾಳೇಶ ತೊದಲಿದ. "ಎಮ್ಮಿ ಗಿಮ್ಮಿ ಹೊಡಕೊಂಡು ಎಂದರೆ ನಮ್ಮ ದವಾಖಾನಿಗೆ ಬಂದಿದ್ದ್ಯಾ? ಅಲ್ಲಿ ಕೇಳಿರಬೇಕು ನೀ."

"ನಾವು ದನಾನಽ ಕಟ್ಟೂದಿಲ್ರಿ" ಎಂದಳು ಮಾಯಪ್ಪನ ಹೆಂಡತಿ, ಮೂಲೆಯಿಂದ. "ಹಾಲೂ ಕೊಂಡಽ ತರ್ತೇವಿ."

ಬಾಳೇಶ ಬಾಗಿಲ ಕಡೆ ನೋಡಿದ. ಬಿಳಿ ಬಿಸಿಲು, ಖಾಲಿ ಹೊಸ್ತಿಲು. ಓಡಿಹೋಗಬೇಕೆನಿಸಿತು. ಆದರೆ ಮಾಯಪ್ಪ ಮತ್ತೆ ಗೋಡೆಯ ಕಡೆ ಹೊರಳುತ್ತಿದ್ದ. ಇಪ್ಪತ್ತೆರಡು ವರ್ಷಗಳಲ್ಲಿ ಹಾಗೆ ಹೊರಳಿದ ಎಷ್ಟೋ ಜೀವಗಳನ್ನು ಬಾಳೇಶ ಕಂಡಿದ್ದ. ಹಾಗೆ ಹೊರಳಿದ ಮೇಲೆ ಅವು ಬಹಳ ಹೊತ್ತು ಉಳಿಯುವುದಿಲ್ಲ. ಖರೇ ಮಾತು ಆ ಮನುಷ್ಯನ ಮೈಯನ್ನು ಮುಟ್ಟಿಯೇ ಇರಲಿಲ್ಲ.

ಅವನು ಸುಜಾತಾಳ ಮುಖ ನೋಡಿದ. ಖರೇ ಹೇಳಿರಿ ಎಂದು ಕರೆತಂದವಳು ಈಗ ಕಣ್ಣಿನಲ್ಲೇ ಬೇರೆ ಏನನ್ನೋ ಹೇಳಿದಳು.

"ಮಾಯಪ್ಪಾ" ಎಂದ ಬಾಳೇಶ. ಯಾರದೋ ಗಂಟಲಿನಿಂದ ಬಂದಂಥ ದನಿ. "ಸುಳ್ಳ ಹೇಳಿದ್ನಿ. ಮಾಡಿದಾಂವ ನಾನಽ."

ರಾಯಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಈಗ ತಗೀತೇನಿ. ನಿನಗ ಹತ್ತಿದ್ದು ನಮ್ಮ ಮನಿ ಗ್ವಾಡಿಗೆ ವಾಪಸ್ ಹೊಕ್ಕೈತಿ. ಅಲ್ಲೇ ಇರತೈತಿ, ಹೊರಗ ಬರೂದಿಲ್ಲ. ಅಂಬಲಿ ತರ್ರಿ!"

ಅಂಬಲಿ ಬಂತು. ಮಂತ್ರ ಗೊತ್ತಿರಲಿಲ್ಲ. ಬಾಯಿಗೆ ಬಂದ ಔಷಧಗಳ ಹೆಸರನ್ನೆಲ್ಲ, ಗಂಟಲು ಬೇನೆಯದು, ಕಾಲುಬಾಯಿ ಬೇನೆಯದು, ಜಂತಿನದು, ಒಂದರ ಹಿಂದೊಂದು ಗುನುಗಿದ. ಜಂತಿನ ಔಷಧದ ಹೆಸರು ಬಂದಾಗ ಒಳಗಿದ್ದವರೆಲ್ಲ ಕೈ ಮುಗಿದರು. ಎಡಗೈಯಿಂದ ಮಾಯಪ್ಪನ ದವಡೆ ಹಿಡಿದು, ತಲೆಯನ್ನು ಸ್ವಲ್ಪ ಎತ್ತಿ, ಬಾಯಿಯ ಅಂಚಿನಿಂದ ಅಂಬಲಿ ಬಿಟ್ಟು, ಗಂಟಲನ್ನು ಹೆಬ್ಬೆರಳಿನಿಂದ ಕೆಳಗೆ ಸವರಿದ. ಗಂಟಲು ಒಮ್ಮೆ ಏರಿತು, ಇಳಿಯಿತು. ಇನ್ನೊಂದು ಗುಟುಕು. ಮೂರನೆಯದಕ್ಕೆ ಮಾಯಪ್ಪ ತಾನೇ ಬಾಯಿ ತೆರೆದ.

"ಉಳದದ್ದು ಅಣ್ಣನ ಕೈಯಾಗಿಂದಽ ಹೋಗ್ಬೇಕು" ಎಂದ ಬಾಳೇಶ. ಯಾಕೆ ಹಾಗೆ ಹೇಳಿದನೋ ಅವನಿಗೇ ಗೊತ್ತಿಲ್ಲ. ರಾಯಪ್ಪ ಬಟ್ಟಲು ಹಿಡಿದ. ಮೊದಲ ಗುಟುಕು ತಮ್ಮನ ಗಡ್ಡದ ಮೇಲೆ ಸುರಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಆದರೆ ಬಟ್ಟಲು ಖಾಲಿಯಾಯಿತು.

ವಾಪಸು ಬರುವಾಗ ಬಾಳೇಶ ದಾರಿಯಲ್ಲೇ ಬಾಬಾಲಾಲನಿಗೆ ಫೋನ್ ಮಾಡಿದ. "ಸೋಮವಾರ ಬಾ. ಎಲ್ಲಾ ಕಿತ್ತು ಬಿಳಿ ಹಚ್ಚು. ಹಳದಿ ಆದ್ರೂ ನಡೀತೈತಿ. ಕರಿ ಬ್ಯಾಡ."

ಸೋಮವಾರ ಬಾಬಾಲಾಲ ಏಣಿ ಹಾಕಿ ಮೇಲಿನ ಮೊದಲ ಶೀಟಿನ ಸ್ಕ್ರೂ ಬಿಚ್ಚಿದ. ಓಣಿಯೆಲ್ಲ ನೋಡಲು ನೆರೆದಿತ್ತು. ಕಾಶೆವ್ವ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಆಗ ಓಣಿಯ ತುದಿಯಲ್ಲಿ ಬೈಕು ನಿಂತಿತು. ರಾಯಪ್ಪನ ಹಿಂದೆ ಮಾಯಪ್ಪ. ತೆಳ್ಳಗಾಗಿದ್ದ, ಆದರೆ ತನ್ನ ಕಾಲಿನ ಮೇಲೇ ನಡೆದು ಬಂದ. ಕೈಯಲ್ಲಿ ಕಾಯಿ, ಮುಖದಲ್ಲಿ ನಗು. ಏಣಿಯನ್ನು ಕಂಡ ಕೂಡಲೇ ನಗು ನಿಂತಿತು.

"ಏನ್ ಮಾಡಾಕತ್ತೀರ್ರಿ?"

"ಶೀಟ್ ತಗಸಾಕತ್ತೇವಿ" ಎಂದ ಬಾಳೇಶ ಹುಮ್ಮಸ್ಸಿನಿಂದ. "ಇನ್ನ ಕರಿ ಬ್ಯಾಡ ನೋಡಪಾ. ಬಿಳೀದು ಹಚ್ಚಸ್ತೇವಿ."

ಮಾಯಪ್ಪನ ಕೈಯಿಂದ ಕಾಯಿ ಜಾರಿ ಉರುಳಿತು. ಅವನು ಓಣಿಯ ಮಣ್ಣಿನಲ್ಲೇ ಕುಸಿದು ಕೂತ.

"ಅದನ್ನ ಕಿತ್ತ್ರ ಅದರಾಗಿಂದು ಎಲ್ಲಿಗೆ ಹೋಗಬೇಕ್ರಿ?" ಎಂದ. "ನಂದೈತಲ್ರಿ ಅದರಾಗ."

ಬಾಬಾಲಾಲ ಶೀಟಿನ ಮೇಲಿನಿಂದ ಕೈ ತೆಗೆದ. ಇದು ಬರೇ ಶೀಟು ಎಂಬ ಮಾತು ಬಾಳೇಶನ ನಾಲಿಗೆಯ ತುದಿಗೆ ಬಂದಿತ್ತು. ಆ ಮಾತನ್ನು ನಾಗನೂರಿನ ಪಡಸಾಲೆಯಲ್ಲಿ ತಾನೇ ಅಳಿಸಿ ಬಂದಿದ್ದ. ಮಾಯಪ್ಪನ ತುಟಿ ಆಗಲೇ ಬಿಳಿಚಿಕೊಳ್ಳುತ್ತಿದ್ದವು.

ಸುಜಾತಾ ಆ ಮನುಷ್ಯನನ್ನು ನೋಡಿದಳು. ತನ್ನ ಮನೆಯ ಮುಖವನ್ನು ನೋಡಿದಳು. ಶೀಟು ಏರಿಸಿದ ಹೊಸತರಲ್ಲಿ ಬಿಳಿ ಬಣ್ಣವೇ ಬೇಕೆಂದು ಹದಿನೈದು ದಿನ ಗಂಡನೊಡನೆ ಮಾತು ಬಿಟ್ಟಿದ್ದವಳು ಆಕೆ.

"ಬಾಬಾಲಾಲಣ್ಣಾ" ಎಂದಳು, "ಸ್ಕ್ರೂ ತಿರುಗಿ ಬಿಗಿ ಮಾಡ್ರಿ. ಚಲೋತ್ನಂಗ ಬಿಗೀರಿ. ಒಂದೂ ಸಡ್ಲ ಇರಬಾರದು."

ಬಾಬಾಲಾಲ ಬಿಗಿದ. ಯಾರೂ ಹೇಳದಿದ್ದರೂ ಪ್ರತಿ ಶೀಟಿಗೆ ಎರಡೆರಡು ಸ್ಕ್ರೂ ಹೆಚ್ಚಾಗಿ ಹಾಕಿದ. ಅವಕ್ಕೆ ರೊಕ್ಕ ಬೇಡವೆಂದ.

ಅಣ್ಣ ತಮ್ಮಂದಿರನ್ನು ಸುಜಾತಾ ಊಟಕ್ಕೆ ಕೂರಿಸಿದಳು. ಮಾಯಪ್ಪ ಈಗ ಹೊಟ್ಟೆ ತುಂಬ ಧೈರ್ಯ ಇಟ್ಟುಕೊಂಡು ಉಂಡ. ಬದನೆಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡ, ಮೊಸರು ಕೇಳಿದ, ಬೋರಿನ ನೀರು ಇನ್ನು ಮುಂದೆ ದಿನಬಿಟ್ಟು ದಿನ ಎಂದು ಅಣ್ಣನಿಗೆ ಹೇಳಿದ. ರಾಯಪ್ಪ ಹೂಂ ಎಂದ. ಕಾಶೆವ್ವ ಇಬ್ಬರಿಗೂ ನಿಂಬೆಕಾಯಿ ಉಪ್ಪಿನಕಾಯಿ ಬಡಿಸಿದಳು. ನಿಂಬೆ ಎಲ್ಲಿಯದೆಂದು ಹೇಳಲಿಲ್ಲ.

ಬಾಳೇಶ ಮಾತ್ರ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅವನು ಕೂತ ಜಾಗದಿಂದ ಮುಂಭಾಗದ ಗೋಡೆಯ ಒಳಮೈ ಕಾಣುತ್ತಿತ್ತು. ಅಲ್ಲಿ ಸುಣ್ಣವೇ ಇತ್ತು, ಕ್ಯಾಲೆಂಡರು ಇತ್ತು. ಅದರ ಆಚೆ ಕಡೆ ಏನಿದೆ ಎಂದು ಈಗ ನಾಲ್ಕು ಊರಿಗೆ ಗೊತ್ತಿತ್ತು. ಇಟ್ಟವನು ಅವನೇ.

"ಯಾಕ, ಉಣ್ಣೂದಿಲ್ಲೇನು?" ಎಂದಳು ಸುಜಾತಾ.

"ಹಸಿವಿಲ್ಲ."

ಮಾಯಪ್ಪ ಅರ್ಧ ತುತ್ತಿನಲ್ಲಿ ತಲೆ ಎತ್ತಿ ಬಾಳೇಶನ ಕಣ್ಣನ್ನೇ ನೋಡಿದ. ತನಗೆ ಹತ್ತಿದ್ದನ್ನೇ ಇನ್ನೊಬ್ಬರ ಮೈಯಲ್ಲಿ ಗುರುತಿಸಿದವನ ನೋಟ ಅದು.

ಸುಜಾತಾ ಎದ್ದು ಬಂದು ಗಂಡನ ಪಕ್ಕದಲ್ಲಿ ಕೂತಳು. ಅವನ ಕೈಯಿಂದ ರೊಟ್ಟಿ ತೆಗೆದುಕೊಂಡಳು, ಪಲ್ಯ ಹಚ್ಚಿದಳು, ಎಡಗೈಯಿಂದ ಅವನ ದವಡೆ ಹಿಡಿದಳು.

"ಉಣ್ರಿ ಸುಮ್ಮ" ಎಂದಳು. "ನಿಮ್ಮನ್ನ ಉಣಸಾಕ ನಾ ಯಾವೂರಿಂದ ಯಾರ್ನ ಕರಕೊಂಡ ಬರ್ಲಿ?"

ಬಾಳೇಶ ಬಾಯಿ ತೆರೆದ.